ಅರ್ಧ ಓದಿದ ಪದ

“ಟೀಚರ್, ಇಡೀ ಪದದ ಅರ್ಥ ಬಾಯಿಪಾಠ ಮಾಡಿದರೆ ಸಾಲದೇ? ಮೊದಲಿಗೆ ಬರುವ ಪ್ರತ್ಯಯ, ಕೊನೆಗೆ ಬರುವ ಪ್ರತ್ಯಯ, ನಡುವೆ ಕೂಡಿಸುವ ಸ್ವರ ಎಂದು ಇಂಗ್ಲಿಷ್ ಪದಗಳನ್ನು ಬಿಡಿಸಿ ಕಲಿತರೆ ರೋಗಿಗೆ ಏನು ಸಿಗುತ್ತದೆ?” ಎಂದು ನರ್ಸಿಂಗ್ ಶಾಲೆಯ ಹುಲಿಗೆಮ್ಮ ಕೇಳಿದಳು.

ಪ್ರಮೀಳಾಬಾಯಿ ಪುಸ್ತಕ ಮುಚ್ಚಿ ಈ ಕತೆ ಹೇಳಿದರು.

ಒಬ್ಬ ನೇಕಾರ ಹೆಂಗಸಿದ್ದಳು. ಮೂರು ಸಲ ಬಸಿರಾದರೂ ಮಗು ಉಳಿಯಲಿಲ್ಲ. ದೊಡ್ಡಾಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಚೀಟಿ ಬರೆದುಕೊಟ್ಟು, ಸೋಮವಾರ ಬಾ ಎಂದರು. ಚೀಟಿಯಲ್ಲಿ ‘ಹಿಸ್ಟೆರೋಸ್ಕೋಪಿ’ ಎಂದಿತ್ತು. ಆಕೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು. ‘ಹಿಸ್ಟೆರ್’ ಎನ್ನುವಷ್ಟರಲ್ಲಿ ಹೆದರಿ ಓದುವುದನ್ನು ನಿಲ್ಲಿಸಿದಳು. ಅಕ್ಕನ ಚೀಟಿಯಲ್ಲೂ ಪದ ಹಾಗೆಯೇ ಶುರುವಾಗಿತ್ತು. ಅಕ್ಕನ ಗರ್ಭಕೋಶವನ್ನು ತೆಗೆದುಹಾಕಿದ್ದರು.

ಹೊರಗೆ ಒಬ್ಬ ನರ್ಸ್ ಸಿಕ್ಕಳು. “ಸಿಸ್ಟರ್, ಇದು ಗರ್ಭಕೋಶ ತೆಗೆಯುವ ಆಪರೇಷನ್ನೇ?” ಎಂದು ಆಕೆ ಕೇಳಿದಳು.

ನರ್ಸ್ ಅವಸರದಲ್ಲಿದ್ದಳು. ಪದದ ಮೊದಲರ್ಧ ನೋಡಿದಳು, ಕೊನೆ ನೋಡಲಿಲ್ಲ. “ಹೌದಮ್ಮ, ಅದೇ” ಎಂದು ಹೊರಟುಹೋದಳು.

ಸೋಮವಾರ ಆಕೆ ಬರಲಿಲ್ಲ. ಎರಡು ವರ್ಷ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ನಾಲ್ಕನೆಯ ಬಸಿರೂ ನಿಲ್ಲಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ಹುಡುಕತೊಡಗಿದಳು. ಗಂಡ ಬೇಡವೆನ್ನಲಿಲ್ಲ.

ಒಂದು ದಿನ ಊರಿಗೆ ಆರೋಗ್ಯ ಸಹಾಯಕಿ ಬಂದಳು. ನೇಕಾರ ಹೆಂಗಸು ಪೆಟ್ಟಿಗೆಯಿಂದ ಆ ಚೀಟಿ ತೆಗೆದು ತೋರಿಸಿ, ಅಕ್ಕನಿಗಾದದ್ದನ್ನೂ ಹೇಳಿದಳು. ಸಹಾಯಕಿ ಮಗ್ಗದ ಪಕ್ಕದಲ್ಲಿ ಕುಳಿತು ಪದವನ್ನು ಬಿಡಿಸಿದಳು.

“‘ಹಿಸ್ಟೆರ್’ ಅಂದರೆ ಗರ್ಭಕೋಶ. ‘ಸ್ಕೋಪಿ’ ಅಂದರೆ ಒಳಗೆ ನೋಡುವುದು. ನಾವು ‘ಮನೆ’ಗೆ ‘ಅನ್ನು’ ಸೇರಿಸಿದಾಗ ನಡುವೆ ‘ಯ’ ಬರುವುದಿಲ್ಲವೇ, ಹಾಗೆ ಎರಡನ್ನೂ ಕೂಡಿಸಲು ಇಲ್ಲಿ ‘ಓ’ ಬಂದಿದೆ. ನಿನ್ನ ಅಕ್ಕನ ಚೀಟಿಯಲ್ಲಿದ್ದದ್ದು ‘ಹಿಸ್ಟೆರೆಕ್ಟಮಿ’. ಅದರ ಕೊನೆಯ ‘ಎಕ್ಟಮಿ’ ಅಂದರೆ ತೆಗೆದುಹಾಕುವುದು. ನಿನ್ನದನ್ನು ನೋಡುತ್ತಾರೆ ಅಷ್ಟೇ ತಂಗೀ, ತೆಗೆಯುವುದಿಲ್ಲ.”

ಆಕೆ ಮಗ್ಗಕ್ಕೆ ಹಣೆ ಒತ್ತಿ ಬಹಳ ಹೊತ್ತು ಅತ್ತಳು. ಮರುದಿನವೇ ಆಸ್ಪತ್ರೆಗೆ ಹೋದಳು. ಗರ್ಭಕೋಶದೊಳಗೆ ಅಡ್ಡಲಾಗಿ ಬೆಳೆದ ಒಂದು ತೆಳು ಪೊರೆ ಕಂಡಿತು. ವೈದ್ಯರು ಅದನ್ನು ಕತ್ತರಿಸಿ ಸರಿಪಡಿಸಿದರು. ಮುಂದಿನ ವರ್ಷ ಹೆಣ್ಣುಮಗು ಹುಟ್ಟಿತು.

ಇಷ್ಟು ಹೇಳಿ ಪ್ರಮೀಳಾಬಾಯಿ ನಿಲ್ಲಿಸಿದರು. ಹುಲಿಗೆಮ್ಮನ ಕಣ್ಣುಗಳು ತುಂಬಿದ್ದವು. ಆದರೂ ಸಿಟ್ಟು ತಡೆಯಲಾಗಲಿಲ್ಲ.

“ಆ ನರ್ಸ್‌ಗೆ ಯಾರೂ ಏನೂ ಶಿಕ್ಷೆ ಕೊಡಲಿಲ್ಲವೇ ಟೀಚರ್?”

ಪ್ರಮೀಳಾಬಾಯಿ ಅವಳ ಮುಖ ನೋಡಿದರು.

“ನನಗೆ ಯಾರೂ ಶಿಕ್ಷೆ ಕೊಡಲಿಲ್ಲ ಮಗಳೇ, ಅದಕ್ಕೇ ಇಪ್ಪತ್ತು ವರ್ಷದಿಂದ ಇದೊಂದೇ ಪಾಠ ಹೇಳಿಕೊಡುತ್ತಿದ್ದೇನೆ.”