ಬೂದೆವ್ವ ಕುಡಿಯದ ಹಾಲು

ಕಲ್ಲಬಾವಿಯ ಮಠಕ್ಕೆ ಗೋಪುರವಿಲ್ಲ, ಮಹಾದ್ವಾರವಿಲ್ಲ. ಸಂತೆಪೇಟೆಯ ಹಿಂದೆ, ಹತ್ತಿ ಮಿಲ್ಲಿನ ಗೋಡೆಗೆ ಆತುಕೊಂಡಿರುವ ಎರಡು ಅಂಕಣದ ಮನೆ. ಮುಂದೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲೊಂದು ಬಿಲ್ವದ ಗಿಡ. ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ನಲವತ್ತು ವರ್ಷ ಅಲ್ಲಿಯೇ ಇದ್ದರು. ಅವರು ನೀರಿನ ಮೇಲೆ ನಡೆದದ್ದನ್ನು ಯಾರೂ ಕಂಡಿಲ್ಲ. ಬಾವಿಯಿಂದ ನೀರು ಸೇದಿದ್ದನ್ನು ಊರೆಲ್ಲ ಕಂಡಿದೆ.

ಅವರೊಡನೆ ಮೂರು ಬೆಕ್ಕುಗಳಿದ್ದವು. ಮೂರೂ ಮುದಿ. ಇಲಿ ಹಿಡಿಯುವುದನ್ನು ಬಿಟ್ಟ ಬೆಕ್ಕನ್ನು ಚೀಲದಲ್ಲಿ ತಂದು ಮಠದ ಗೋಡೆಯಾಚೆ ಇಳಿಸಿ ಹೋಗುವುದು ಸಂತೆಪೇಟೆಯವರ ರೂಢಿ. ಕೊಂದರೆ ಪಾಪ, ಸಾಕಿದರೆ ದಂಡ. ಮಠಕ್ಕೆ ಬಿಟ್ಟರೆ ಎರಡೂ ತಪ್ಪಿತು. ಹಾಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಹಿರಿಯಳು ಬೂದಿ ಬಣ್ಣದ ಒಂದು ಹೆಣ್ಣು ಬೆಕ್ಕು. ಅಜ್ಜನವರು ಅದನ್ನು ಬೂದೆವ್ವ ಎಂದು ಕರೆಯುತ್ತಿದ್ದರು. ಬಾಯಲ್ಲಿ ನಾಲ್ಕೇ ಹಲ್ಲು, ಹಿಂಗಾಲು ಸೆಟೆದುಕೊಂಡಿತ್ತು, ವರ್ಷದಿಂದ ಮೂತ್ರಪಿಂಡವೂ ಸೋತಿತ್ತು.

ಮಠದಲ್ಲಿ ಸೋಮವಾರದ ಹಾಲಿನ ಹರಕೆ ಎಂದೊಂದಿತ್ತು. ಅಜ್ಜನವರ ಗುರುಗಳ ಕಾಲದಲ್ಲಿ ಯಾರೋ ಬೆಕ್ಕಿನ ಮುಂದೆ ಹಾಲಿಟ್ಟರಂತೆ, ಬೆಕ್ಕು ಕುಡಿಯಿತಂತೆ, ಮೂರು ವರ್ಷದಿಂದ ಕೂಡಿಬರದಿದ್ದ ಮಗಳ ಮದುವೆ ಆ ವಾರವೇ ಗೊತ್ತಾಯಿತಂತೆ. ಅಂದಿನಿಂದ ಬೆಕ್ಕು ಕುಡಿದರೆ ಬೇಡಿದ್ದು ಆಗುತ್ತದೆ. ಮೂಸಿ ನೋಡಿ ಹೋದರೆ ಮುಂದಿನ ಸೋಮವಾರ ಮತ್ತೆ ಬರಬೇಕು. ಬೆಕ್ಕು ಹಾಲು ಕುಡಿಯುವುದನ್ನೇ ಶುಭಶಕುನವೆಂದು ಆರಿಸಿಕೊಂಡವರು ಬಹಳ ಜಾಣರಿರಬೇಕು, ಆನೆ ಮರ ಹತ್ತಲಿ ಅಂತ ಅವರೇನೂ ಕೇಳಲಿಲ್ಲವಲ್ಲ ಎಂದು ಗುರುಪಾದಪ್ಪ ಇಟಗಿಯವರು ಹೇಳುತ್ತಿದ್ದರು.

ಈ ಇಟಗಿಯವರು ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಯಾವ ಸ್ವಾಮಿಗಳಿಗೂ ಬೆನ್ನು ಬಗ್ಗಿಸಿದವರಲ್ಲ. ಸ್ವಂತ ಮದುವೆಯಲ್ಲಿ ಕೂಡ ಬಾಗಲಿಲ್ಲವೆಂದು ಹೇಳುತ್ತಾರೆ. ಹತ್ತು ವರ್ಷದ ಹಿಂದೆ ಸ್ಥಳೀಯ ಪತ್ರಿಕೆಗೆ ಒಂದು ಪತ್ರ ಬರೆದಿದ್ದರು. ಬೆಳೆದ ಬೆಕ್ಕಿಗೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ, ಭಕ್ತಿಯ ಹೆಸರಿನಲ್ಲಿ ಕಲ್ಲಬಾವಿಯಲ್ಲಿ ಮೂಕಪ್ರಾಣಿಗಳಿಗೆ ವಾರಕ್ಕೊಮ್ಮೆ ಭೇದಿಯಾಗುತ್ತಿದೆ ಎಂದು. ಪತ್ರ ಅಚ್ಚಾಯಿತು. ಹರಕೆಯೂ ನಡೆಯಿತು.

ಅದೇ ಇಟಗಿಯವರು ಒಂದು ಸೋಮವಾರ ಬೆಳಿಗ್ಗೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಲು ಹಿಡಿದು ಮಠದ ಅಂಗಳದಲ್ಲಿ ಸಾಲಿಗೆ ನಿಂತರು.

ಕಾರಣ ಅವರ ಅಕ್ಕ ದಾನಮ್ಮ. ಇಟಗಿಯವರಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಹದಿನಾಲ್ಕರ ದಾನಮ್ಮ ತಮ್ಮನನ್ನು ಸಾಕಿದರು. ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು ಮರಳಿ ಬಂದ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ತಮ್ಮನ ಹೆಂಡತಿ ಹೋದ ಮೇಲೂ ಆ ಮನೆಯ ಒಲೆ ಆರದಂತೆ ನೋಡಿಕೊಂಡವರು ಅವರೇ. ನಾಲ್ಕು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದಿತು, ಮಾತು ತೊದಲಿತು. ಇಟಗಿಯವರು ಏನನ್ನೂ ಕಡಿಮೆ ಮಾಡಲಿಲ್ಲ. ಔಷಧಿಯ ವೇಳೆಯನ್ನು ಗೋಡೆಗೆ ಅಂಟಿಸಿದರು, ಮೈ ತೊಳೆಯಲು ವಾರಕ್ಕೆರಡು ದಿನ ಬರುವ ಹೆಂಗಸನ್ನು ಗೊತ್ತು ಮಾಡಿದರು, ಗಡಿಯಾರ ನೋಡಿ ಚಮಚದಿಂದ ಉಣಿಸಿದರು. ಎರಡು ವಾರದಿಂದ ದಾನಮ್ಮ ಬಾಯಿ ತೆರೆಯುವುದನ್ನೇ ನಿಲ್ಲಿಸಿದ್ದರು. ಚಮಚ ತುಟಿಯ ಹತ್ತಿರ ಬಂದರೆ ಮುಖ ಗೋಡೆಯ ಕಡೆಗೆ. ಈ ವಾರದೊಳಗೆ ಉಣ್ಣದಿದ್ದರೆ ಮೂಗಿನಿಂದ ನಳಿಕೆ ಇಳಿಸಬೇಕು, ಅದಕ್ಕೂ ತಡೆದುಕೊಳ್ಳುವ ಶಕ್ತಿ ಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಅದು ದಾನಮ್ಮನ ಕಿವಿಗೂ ಬಿದ್ದಿತ್ತು.

ಅಂದು ಸಂಜೆ ಅವರು ತೊದಲುತ್ತ ಹೇಳಿದ್ದು ಇಷ್ಟು.

"ಮಠಕ್ಕ ಹಾಲು ಒಯ್ಯಿ. ಬೂದೆವ್ವ ಕುಡದ್ರ ನಾನೂ ಉಣ್ತೀನಿ. ಇಲ್ಲಂದ್ರ ನನ್ನ ಕೈ ಬಿಡು."

ಇಟಗಿಯವರು ಆಗಲೆಂದರು. ಹಾಲನ್ನು ದಾರಿಯ ಗಟಾರಕ್ಕೆ ಸುರಿದು, ಕುಡಿಯಿತು ಅಂತ ಹೇಳಿದರಾಯಿತು ಎಂಬ ಯೋಚನೆಯೂ ಆ ಕ್ಷಣದಲ್ಲೇ ಬಂದಿತ್ತು. ದಾನಮ್ಮ ಕಣ್ಣು ಮುಚ್ಚಿಕೊಂಡೇ, ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಾಗುತ್ತವೆ ತಮ್ಮಾ, ಸಣ್ಣವನಿದ್ದಾಗಿನಿಂದ ನೋಡಿದ್ದೇನೆ ಎಂದರು.

ಹೀಗೆ ಅವರು ಸಾಲಿನಲ್ಲಿ ನಿಂತಿದ್ದರು. ಮುಂದೆ ಹದಿನೈದು ಜನ, ಹದಿನೈದು ಬಟ್ಟಲು. ಹಿಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಏನ್ರಿ ಸರ್, ಪ್ರಯೋಗಕ್ಕ ಬಂದೀರೇನು ಎಂದು ಕೇಳಿದ. ಹೌದು ಎಂದರು. ಕಿವಿ ಬಿಸಿಯಾದದ್ದು ಅವರಿಗೇ ತಿಳಿಯಿತು.

ಅಷ್ಟರಲ್ಲಿ ಮಠದ ಸೇವಕ ಬಸಲಿಂಗಯ್ಯ ಒಳಗಿನಿಂದ ಬಂದು, ಇವತ್ತಿನಿಂದ ಹಾಲಿನ ಹರಕೆ ಇಲ್ಲ, ಅಜ್ಜಾರ ಅಪ್ಪಣೆ ಆಗಿದೆ ಎಂದು ಹೇಳಿದ. ಮಠದ ಆಕಳು ನೋಡಲು ಬಂದಿದ್ದ ಪಶುವೈದ್ಯರು ಬೂದೆವ್ವನನ್ನೂ ಮುಟ್ಟಿ ನೋಡಿ, ಹಾಲು ಇದಕ್ಕೆ ವಿಷವಿದ್ದ ಹಾಗೆ, ಪ್ರತಿ ಮಂಗಳವಾರ ಇದು ನರಳುವುದು ಅದಕ್ಕೇ ಎಂದಿದ್ದರಂತೆ. ಅಜ್ಜನವರು ಮರುಮಾತಾಡದೆ ಎಪ್ಪತ್ತು ವರ್ಷದ ಪದ್ಧತಿಯನ್ನು ನಿಲ್ಲಿಸಿಬಿಟ್ಟಿದ್ದರು. ಅಂಗಳದಲ್ಲಿ ಗೊಣಗಾಟ ಎದ್ದಿತು. ನಮ್ಮಪ್ಪನ ಕಾಲದಾಗಿಂದ ಕುಡಿದ ಬೆಕ್ಕಿಗೆ ಈಗೇನಾಯಿತು ಎಂದರು ಒಬ್ಬರು. ಬೆಕ್ಕಿಗೂ ವೈರಾಗ್ಯ ಬಂದ ಮೇಲೆ ಕಲಿಯುಗ ಮುಗಿದ ಹಾಗೇ ಎಂದರು ಇನ್ನೊಬ್ಬರು. ಒಬ್ಬೊಬ್ಬರಾಗಿ ಬಟ್ಟಲು ಎತ್ತಿಕೊಂಡು ಹೋದರು.

ಇಟಗಿಯವರು ಕದಲಲಿಲ್ಲ. ತಾವು ಬರೆದ ಮಾತು ಹತ್ತು ವರ್ಷದ ಮೇಲೆ ಗೆದ್ದಿತ್ತು. ಅದು ಸೋಲಬೇಕೆಂದು ಅವರು ಬಯಸಿದ್ದು ಆ ಒಂದು ದಿನ ಮಾತ್ರ.

ಬಸಲಿಂಗಯ್ಯನನ್ನು ದಾಟಿ ಹಿತ್ತಲಿಗೆ ಹೋದರು. ಅಜ್ಜನವರು ಬಿಸಿಲಿನಲ್ಲಿ ಗೋಣಿತಟ್ಟಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಬೂದೆವ್ವ, ಪಕ್ಕದಲ್ಲಿ ಬೆಚ್ಚಗಿನ ನೀರಿನ ಬೋಗುಣಿ, ಹಳೆಯ ಪಂಚೆಯ ತುಂಡುಗಳು, ಮರದ ಹಣಿಗೆ, ಮೊಂಡು ತುದಿಯ ಕತ್ತರಿ. ಇಟಗಿಯವರು ನಮಸ್ಕರಿಸಲಿಲ್ಲ. ನಿಂತುಕೊಂಡೇ ತಾವು ಬಂದ ಕಾರಣವನ್ನೆಲ್ಲ ಹೇಳಿದರು. ಇದು ಮೂಢನಂಬಿಕೆ ಎಂದು ತಮಗೆ ಗೊತ್ತಿದೆ ಎಂಬುದನ್ನೂ ಸೇರಿಸಿದರು. ಕೊನೆಗೆ ದನಿ ಇಳಿಸಿ ಬೇಡಿದರು.

"ಒಂದ ಒಂದು ಚಮಚ ಕುಡೀಲಿ, ಅಜ್ಜಾರ."

"ಒಂದು ಚಮಚಕ್ಕ ಇದು ಮೂರು ದಿನ ನರಳತೈತಿ," ಎಂದರು ಅಜ್ಜನವರು. ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ, "ನೀವು ಪತ್ರಿಕಾದಾಗ ಬರದದ್ದು ಖರೇ ಇತ್ತು, ಮಾಸ್ತರ. ತಿಳಕೊಳ್ಳಾಕ ನಾನ ತಡಾ ಮಾಡಿದೆ. ಕೂಡ್ರಿ, ಇದರ ತಲಿ ಹಿಡೀರಿ," ಎಂದರು.

ತಪ್ಪೊಪ್ಪಿಕೊಳ್ಳುವ ಸ್ವಾಮಿಗಳನ್ನು ಇಟಗಿಯವರು ಅದುವರೆಗೆ ಕಂಡಿರಲಿಲ್ಲ. ಕುಳಿತು ಬೆಕ್ಕಿನ ತಲೆ ಹಿಡಿದರು. ಅಂಗೈಯಲ್ಲಿ ಬಡಬಡನೆ ಹೊಡೆದುಕೊಳ್ಳುವ ನಾಡಿ, ಮೂಳೆ, ಅದರ ಮೇಲೆ ತೆಳುವಾದ ಚರ್ಮ.

ಮುದಿ ಬೆಕ್ಕು ತನ್ನ ಮೈಯನ್ನು ತಾನು ನೆಕ್ಕಿಕೊಳ್ಳಲಾರದು. ಕುತ್ತಿಗೆ ಅಷ್ಟು ತಿರುಗುವುದಿಲ್ಲ. ಬೂದೆವ್ವನ ಬೆನ್ನಿನ ಕೂದಲು ಸಿಕ್ಕುಗಟ್ಟಿ ಕಂಬಳಿಯ ಚೂರಿನಂತಾಗಿತ್ತು. ಅಜ್ಜನವರು ಗಂಟನ್ನು ಬೆರಳಿನಿಂದ ಎರಡಾಗಿ ಸೀಳಿ, ಬುಡವನ್ನು ಎಡಗೈಯಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತ ಬಂದರು. ಬಾಲ ಒಮ್ಮೆ ಅಲುಗಿದರೆ ಕೈ ನಿಲ್ಲಿಸುವರು. ಬಾಲ ಸುಮ್ಮನಾದ ಮೇಲೆ ಮುಂದುವರಿಸುವರು. ಬಿಡಿಸಲಾಗದ ಗಂಟನ್ನು ಮಾತ್ರ ಹಣಿಗೆ ಅಡ್ಡ ಹಿಡಿದು ಕತ್ತರಿಸಿದರು. ಬಾಗಿ ಬೆಳೆದು ಪಾದಕ್ಕೆ ಚುಚ್ಚುತ್ತಿದ್ದ ಉಗುರನ್ನು ತುದಿಯಷ್ಟೇ ತೆಗೆದರು. ಒಂದು ತಾಸು ಹೋಯಿತು. ಇಟಗಿಯವರು ಎರಡು ಸಲ ಗಡಿಯಾರ ನೋಡಿಕೊಂಡರು. ಮೂರನೆಯ ಸಲ ಮರೆತರು.

ಆಗ ಹಿಂಬಾಗಿಲಿನಿಂದ ನೆರೆಯ ಓಣಿಯ ಖಾಜಾಬಿ ಒಂದು ಮುಚ್ಚಿದ ಬಟ್ಟಲು ತಂದಿಟ್ಟು ಹೋದಳು. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ. ಅಜ್ಜನವರು ಅದನ್ನು ಬೆರಳಿನಿಂದ ಎಳೆಎಳೆಯಾಗಿ ನುರಿಯತೊಡಗಿದರು. ಹುಟ್ಟಿನಿಂದ ಕೋಳಿ ಮುಟ್ಟದ ಇಟಗಿಯವರು, ದೇವರನ್ನು ನಂಬದಿದ್ದರೂ, ಕುಳಿತಲ್ಲೇ ಗೇಣು ಹಿಂದೆ ಸರಿದರು. ಮಠದಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದರು.

"ಕೈ ನನ್ನದು, ಊಟ ಅದರದು," ಎಂದರು ಅಜ್ಜನವರು. "ಬಾವ್ಯಾಗ ನೀರೈತಿ."

ಬಟ್ಟಲು ಮುಂದಿಟ್ಟರೂ ಬೂದೆವ್ವ ಮುಖ ತಿರುಗಿಸಿತು. ಎಡಕ್ಕೆ, ಗೋಡೆಯ ಕಡೆಗೆ. ಆ ತಿರುಗುವಿಕೆಯನ್ನು ಇಟಗಿಯವರು ಎರಡು ವಾರದಿಂದ ದಿನಕ್ಕೆ ನಾಲ್ಕು ಹೊತ್ತು ನೋಡುತ್ತಿದ್ದರು.

ಅಜ್ಜನವರು ಒತ್ತಾಯಿಸಲಿಲ್ಲ. ಪಂಚೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕಣ್ಣಿನ ಅಂಚಿನ ಪಿಸುರು ತೆಗೆದರು. ಗದ್ದ ಒರೆಸಿದರು. ಮೂಗಿನ ಹೊಳ್ಳೆಗೆ ಕಟ್ಟಿದ್ದ ಹಕ್ಕಳೆಯನ್ನು ನೆನೆಸಿ ನೆನೆಸಿ ಮೆಲ್ಲಗೆ ಬಿಡಿಸಿದರು. ಆರಿದ ಕೋಳಿಯನ್ನು ಅಂಗೈಯಲ್ಲಿ ಹಿಡಿದು, ಮೈಯ ಶಾಖಕ್ಕೆ ಬೆಚ್ಚಗಾಗುವವರೆಗೆ ಕಾದು, ಆಮೇಲೆ ಅದರ ಮುಂದೆ ಕೈ ನೀಡಿದರು. ಬೂದೆವ್ವ ಮೂಸಿತು. ಒಂದು ಎಳೆ ನೆಕ್ಕಿತು. ತಿಂದಿತು.

ವಾಸನೆ ಹತ್ತದಿದ್ದರೆ ಬೆಕ್ಕು ಉಣ್ಣುವುದಿಲ್ಲ ಎಂಬುದನ್ನು ಇಟಗಿಯವರು ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದರು. ಮೂಗು ಒರೆಸಿದರಾಯಿತು ಎಂದು ಬರೆದಿರಲಿಲ್ಲ.

ಅಜ್ಜನವರು ತಲೆ ಎತ್ತದೆ ಕೇಳಿದರು.

"ನಿಮ್ಮ ಅಕ್ಕಾರ ತಲಿ ಯಾರು ಬಾಚ್ತಾರ, ಮಾಸ್ತರ?"

ಬರುವ ಹೆಂಗಸು ತಲೆಗೆ ನೀರು ಹಾಕಿ ಹಾಗೆಯೇ ಮುಡಿ ಸುತ್ತಿ ಹೋಗುತ್ತಿದ್ದಳು. ಅಕ್ಕನ ಬಲಗೈ ಏಳುತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹಣಿಗೆಯ ಹೆಸರಿರಲಿಲ್ಲ.

ಹೊರಡುವಾಗ ಹಾಲಿನ ಡಬ್ಬಿ ಎತ್ತಿಕೊಂಡು, ಅಕ್ಕನಿಗೆ ಏನು ಹೇಳಲಿ ಎಂದರು. ಬೆಕ್ಕು ಕುಡಿಯಲಿಲ್ಲ ಎಂದು ಖರೆಯನ್ನೇ ಹೇಳಿರೆಂದರು ಅಜ್ಜನವರು. ಭಸ್ಮ ಕೊಡಲಿಲ್ಲ, ಆಶೀರ್ವಾದದ ಮಾತೂ ಆಡಲಿಲ್ಲ. ಕೈ ತೊಳೆಯಲು ಬಾವಿಯ ಕಡೆಗೆ ಹೋದರು.

ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾನಮ್ಮ ತಮ್ಮನ ಕಿವಿಗಳನ್ನೇ ನೋಡುತ್ತಿದ್ದರು. ಇಟಗಿಯವರು, ಬೂದೆವ್ವ ಕುಡಿಯಲಿಲ್ಲ ಅಕ್ಕಾ ಎಂದರು. ಕಿವಿ ಕೆಂಪಾಗಲಿಲ್ಲ. ದಾನಮ್ಮ ಕಣ್ಣು ಮುಚ್ಚಿ ಮುಖವನ್ನು ಗೋಡೆಗೆ ತಿರುಗಿಸಿದರು.

ಇಟಗಿಯವರು ಚಮಚ ತರಲಿಲ್ಲ. ಬಿಸಿನೀರು ತಂದರು. ಅಕ್ಕನ ಕಣ್ಣು, ಗದ್ದ, ಸೊಟ್ಟಗಾದ ಬಾಯಿಯ ಮೂಲೆಯಲ್ಲಿ ಒಣಗಿದ್ದ ಜೊಲ್ಲು ಒರೆಸಿದರು. ದಿಂಬು ಆನಿಸಿ ಕೂಡಿಸಿ, ಹಿಂದೆ ಕುಳಿತು ಮುಡಿ ಬಿಚ್ಚಿದರು. ನಾಲ್ಕು ತಿಂಗಳ ಸಿಕ್ಕು. ಬೂದೆವ್ವನ ಬೆನ್ನೇ ವಾಸಿ. ಅವರಿಗೆ ಬಾಚಲು ಬರುತ್ತಿರಲಿಲ್ಲ. ಬಾಚುತ್ತ ಬೆಳಗಿನ ಕಥೆ ಹೇಳಿದರು. ಹಾಲು ಬೆಕ್ಕಿಗೆ ಆಗಿಬರುವುದಿಲ್ಲವೆಂದು ಅಜ್ಜಾರೇ ಬೇಡವೆಂದದ್ದು, ಕೋಳಿ, ಖಾಜಾಬಿ, ಬಾಲ ಅಲುಗಿದರೆ ಕೈ ನಿಲ್ಲಿಸುವುದು, ಎಲ್ಲವನ್ನೂ. ಒಂದು ದೊಡ್ಡ ಗಂಟಿಗೆ ಹಣಿಗೆ ಸಿಕ್ಕಿ ತಲೆ ಹಿಂದಕ್ಕೆ ಜಗ್ಗಿತು.

"ಎಳೀಬ್ಯಾಡೋ," ಎಂದರು ದಾನಮ್ಮ. "ತುದಿಯಿಂದ ಬಾ."

ಆರು ವರ್ಷದ ತಮ್ಮನ ತಲೆಯ ಹೇನು ತೆಗೆಯುತ್ತಿದ್ದ ದನಿ ಅದು. ಇಟಗಿಯವರು ತುದಿಯಿಂದ ಬಂದರು. ಹೊತ್ತು ಇಳಿಯುವ ತನಕ ಬಾಚಿ, ಡೊಂಕಾದ ಒಂದು ಜಡೆ ಹೆಣೆದರು. ದಾನಮ್ಮ ಎಡಗೈಯಿಂದ ಅದನ್ನು ಮುಟ್ಟಿ ನೋಡಿ, ಹಗ್ಗ ಹೊಸೆದಾಂಗ ಆಗೇತಿ ಎಂದರು. ಆಮೇಲೆ ಕೇಳಿದರು.

"ಆ ಹಾಲು ಏನು ಮಾಡಿದಿ?"

"ಮರಳಿ ತಂದೀನಿ."

"ಕಾಸಿ ಕೊಡು."

ಕಾಸಿದ ಹಾಲನ್ನು ಲೋಟಕ್ಕೆ ಹಾಕಿ, ಅಂಗೈಯಲ್ಲಿ ಹಿಡಿದು ಬೆಚ್ಚಗಿದೆಯೆಂದು ನೋಡಿ ಕೊಟ್ಟರು. ದಾನಮ್ಮ ಎಡಗೈಯಿಂದ ತಾವೇ ಹಿಡಿದು, ಗುಟುಕು ಗುಟುಕಾಗಿ ಅರ್ಧ ಲೋಟ ಕುಡಿದರು. ಸುಮ್ಮನಿರಬೇಕಾದ ಕಡೆ ಇಟಗಿಯವರು ಜೀವನದಲ್ಲಿ ಎಂದೂ ಸುಮ್ಮನಿದ್ದವರಲ್ಲ. ಬೆಕ್ಕು ಕುಡೀಲಿಲ್ಲಲ್ಲ ಅಕ್ಕಾ ಎಂದರು.

"ಅದಕ್ಕ ಆಗಿಬರಾಂಗಿಲ್ಲ ಅಂದೆಲ್ಲ," ಎಂದರು ದಾನಮ್ಮ. "ನನಗ ಆಗಿಬರತೈತಿ."

ಮರುದಿನ ಜೋಳದ ನುಚ್ಚು ಕೇಳಿದರು. ನಳಿಕೆಯ ಮಾತು ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಇಟಗಿಯವರು ಮಠದ ಹಿತ್ತಲಿಗೆ ಬರತೊಡಗಿದರು. ಬೂದೆವ್ವ ಅಜ್ಜನವರ ಪಾದದ ಬಳಿ ಮಲಗಿರುತ್ತಿತ್ತು. ಅದರ ಮುಖ ಒರೆಸಬೇಕಾದರೆ ನೆಲಕ್ಕೆ ಬಾಗದೆ ಉಪಾಯವಿಲ್ಲ. ಇಟಗಿ ಸರ್ ಅಂತೂ ಬಾಗಿದರಲ್ಲ ಎಂದು ಬಸಲಿಂಗಯ್ಯ ಕೆಣಕಿದರೆ, ಬಾಗಿದ್ದು ಬೆಕ್ಕಿಗೆ ಎನ್ನುವರು. ಯಾವ ಪವಾಡ ಕಂಡು ಬಂದಿರಿ ಎಂದು ಭಕ್ತರು ಕೇಳಿದರೆ, ಅಜ್ಜಾರು ಯಾವ ಪವಾಡವನ್ನೂ ಮಾಡಲಿಲ್ಲ, ಆಗಬಹುದಾಗಿದ್ದ ಒಂದನ್ನು ತಡೆದರು ಎನ್ನುವರು. ಅಜ್ಜನವರು ಇದನ್ನೆಲ್ಲ ಕೇಳಿಸಿಕೊಂಡು ಕೋಳಿ ನುರಿಯುತ್ತಿದ್ದರು.

ಕಾರ್ತಿಕದಲ್ಲಿ ಬೂದೆವ್ವ ತೀರಿಕೊಂಡಿತು. ಕೊನೆಯ ದಿನ ಬೆಳಿಗ್ಗೆಯೂ ಅದರ ಮೈ ನಯವಾಗಿತ್ತು. ಅಜ್ಜನವರು ಅದನ್ನು ತಮ್ಮ ಹಳೆಯ ಪಂಚೆಯಲ್ಲಿ ಸುತ್ತಿ ಬಿಲ್ವದ ಬುಡದಲ್ಲಿ ಮಣ್ಣು ಮಾಡಿದರು.

ಮುಂದಿನ ಸೋಮವಾರವೂ ಇಟಗಿಯವರು ಬಂದರು. ಅಜ್ಜನವರು ಗೋಣಿತಟ್ಟಿನ ಮೇಲೆ ಒಬ್ಬರೇ ಕುಳಿತಿದ್ದರು. ಉಳಿದೆರಡು ಬೆಕ್ಕು ಗೋಡೆಯ ಮೇಲೆ ಬಿಸಿಲು ಕಾಯುತ್ತಿದ್ದವು. ಇಟಗಿಯವರು ಮೊಣಕಾಲೂರಿ, ಅಜ್ಜನವರ ಪಾದದ ಬಳಿ ನೆಲ ಮುಟ್ಟುವಂತೆ ಬಾಗಿದರು.

ಬಸಲಿಂಗಯ್ಯ ಬಾಗಿಲಲ್ಲಿ ನಿಂತು ನೋಡಿದ. ಈ ಸಲ ಕೆಣಕಲಿಲ್ಲ. ಆ ದಿನ ಆ ಪಾದದ ಬಳಿ ಬೆಕ್ಕಿರಲಿಲ್ಲ.