ಹುಣ್ಣಿಮೆಯ ಸೂರ್ಯಗ್ರಹಣ

"ಗುರುಗಳೇ, ಕಲಿಯಬೇಕಾದ್ದನ್ನೆಲ್ಲ ಕಲಿತೆ. ಆದರೂ ನನಗೆ ಕಾಲ ಕೂಡಿ ಬರಲಿಲ್ಲ. ಇನ್ನೆಷ್ಟು ಕಾಯಲಿ?" ಎಂದು ಶಿಷ್ಯನೊಬ್ಬ ಕೈ ಕಟ್ಟಿ ನಿಂತು ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹುಡುಗಿ ಇದ್ದಳು. ಸೂರ್ಯಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ಅವಳು ಅಂಗಳಕ್ಕೆ ಬಂದು ನಿಂತಳು. ಸೂರ್ಯ ಪೂರ್ತಿ ಮುಚ್ಚಿಹೋದ. ಕಪ್ಪು ಬಿಂಬದ ಸುತ್ತ ಬೆಳ್ಳಿಯ ಎಸಳುಗಳಂಥ ಬೆಳಕು ಕಂಡಿತು. ನೋಡನೋಡುತ್ತ ಮಾಯವಾಯಿತು. ಆ ಬೆಳಕು ಯಾರದು ಎಂದು ತಿಳಿಯುವುದೇ ಅವಳ ಬದುಕಾಯಿತು.

ಅವಳು ಓದಿ ಖಗೋಳ ವಿಜ್ಞಾನಿಯಾದಳು. ಅವಳಿದ್ದ ವೀಕ್ಷಣಾಲಯದ ಹಿರಿಯ ಪಂಡಿತ, "ಅದು ಚಂದ್ರನ ಸುತ್ತಲಿನ ಮಂಜು" ಎನ್ನುತ್ತಿದ್ದ. ಅವಳು, "ಅಲ್ಲ, ಅದು ಸೂರ್ಯನದೇ" ಎನ್ನುತ್ತಿದ್ದಳು. ಗ್ರಹಣ ಎಲ್ಲಿ ಹಿಡಿದರೂ ಇಬ್ಬರೂ ಹೋಗುತ್ತಿದ್ದರು. ಒಮ್ಮೆ ಮೋಡ ಕವಿಯಿತು. ಒಮ್ಮೆ ಆಕಾಶ ತಿಳಿಯಾಗಿತ್ತು, ಆದರೂ ವಾದ ತೀರಲಿಲ್ಲ. ಗ್ರಹಣವೆಂದ ಮೇಲೆ ಸೂರ್ಯನೂ ಅಲ್ಲೇ, ಚಂದ್ರನೂ ಅಲ್ಲೇ.

ಕೊನೆಗೆ ಪಂಡಿತ ಹೇಳಿದ: "ನೋಡಮ್ಮ, ಚಂದ್ರನಿಲ್ಲದೆ ಆ ಬೆಳಕನ್ನು ತೋರಿಸು. ವೀಕ್ಷಣಾಲಯದ ಬೀಗದ ಕೈ ನಿನ್ನದು. ಆಗದಿದ್ದರೆ ಸೂರ್ಯನ ಸುದ್ದಿ ಬಿಟ್ಟುಬಿಡು."

"ಆಗಲಿ" ಎಂದಳು. ಎಂದದ್ದೇನೋ ಎಂದಳು, ದಾರಿ ಹೊಳೆಯಲಿಲ್ಲ.

ಒಂದು ಸಂಜೆ ಸೋತು ತವರಿಗೆ ನಡೆದಳು. ಮುಳುಗುವ ಸೂರ್ಯ ಅವಳ ಬೆನ್ನಿಗಿದ್ದ. ತಾಯಿ ಜಗುಲಿಯಲ್ಲಿ ನಿಂತು, ಹಣೆಗೆ ಅಂಗೈ ಅಡ್ಡ ಹಿಡಿದು, ದೂರದಿಂದಲೇ ಕೂಗಿದಳು: "ಇದೇನೇ, ಇಷ್ಟು ಸೊರಗಿದ್ದೀಯ!"

"ಬಿಸಿಲು ನಿನ್ನ ಕಣ್ಣಿಗೇ ಹೊಡೆಯುತ್ತಿದೆ. ನನ್ನನ್ನು ಹೇಗಮ್ಮ ಗುರುತು ಹಿಡಿದೆ?"

"ಸೂರ್ಯ ಪಕ್ಕಕ್ಕೆ ಸರಿಯಲಿ ಅಂತ ಕಾಯಲಾ? ಕೈ ಅಡ್ಡ ಹಿಡಿದೆ."

ಅಷ್ಟು ಕೇಳಿದ್ದೇ ಮಗಳು ನಿಂತ ಕಾಲಲ್ಲೇ ಹಿಂದಿರುಗುವವಳಿದ್ದಳು. ತಾಯಿ ಬಿಡದೆ ಊಟಕ್ಕೆ ಕೂರಿಸಿದಳು.

ವೀಕ್ಷಣಾಲಯಕ್ಕೆ ಮರಳಿ, ದೂರದರ್ಶಕದ ಒಳಗೆ ಸೂರ್ಯನ ಬಿಂಬವನ್ನಷ್ಟೇ ಮುಚ್ಚುವ ತಗಡಿನ ಬಿಲ್ಲೆಯೊಂದನ್ನು ಇಟ್ಟಳು. ಏನೂ ಕಾಣಲಿಲ್ಲ. ಬಯಲಿನ ಧೂಳು ಬೆಳಕನ್ನು ಚೆಲ್ಲಾಡಿತ್ತು. ಗಾಳಿ ತಿಳಿಯಾಗಿರುವ ಎತ್ತರದ ಬೆಟ್ಟಕ್ಕೆ ದೂರದರ್ಶಕವನ್ನು ಸಾಗಿಸಿದಳು. ಬೆಳಕು ಚೆದುರದಂತೆ ಅದರ ಗಾಜನ್ನು ಉಜ್ಜಿದಳು, ತಿರುಗಿ ಉಜ್ಜಿದಳು. "ಸೂರ್ಯನಿಗೇ ಕೊಡೆ ಹಿಡಿಯುತ್ತಾಳಂತೆ" ಎಂದು ಜನ ಆಡಿಕೊಂಡರು. ಅವಳ ಕೂದಲು ನೆರೆಯಿತು.

ಒಂದು ದಿನ ಪಂಡಿತನಿಗೆ ಹೇಳಿಕಳಿಸಿದಳು: "ಹುಣ್ಣಿಮೆಯ ಮಧ್ಯಾಹ್ನ ಬನ್ನಿ. ಗ್ರಹಣ ತೋರಿಸುತ್ತೇನೆ."

"ಸೂರ್ಯಗ್ರಹಣ ಅಮಾವಾಸ್ಯೆ ಬಿಟ್ಟು ಹುಣ್ಣಿಮೆಗೆ ಬಂತೇ!" ಎಂದು ವೀಕ್ಷಣಾಲಯವೆಲ್ಲ ನಕ್ಕಿತು. ಪಂಡಿತ ಮಾತ್ರ ನಗಲಿಲ್ಲ. ಹುಣ್ಣಿಮೆಯ ಮಧ್ಯಾಹ್ನ ಚಂದ್ರ ಭೂಮಿಯ ಆಚೆ ಬದಿಗಿರುತ್ತಾನೆಂದು ಅವನಿಗೆ ಗೊತ್ತಿತ್ತು. ಊರುಗೋಲು ಹಿಡಿದು ಬೆಟ್ಟ ಹತ್ತಿದ.

ದೂರದರ್ಶಕಕ್ಕೆ ಕಣ್ಣಿಟ್ಟ. ಕಪ್ಪು ಬಿಲ್ಲೆಯ ಸುತ್ತ ಬೆಳ್ಳಿಯ ಎಸಳುಗಳು ಅರಳಿದ್ದವು. ಈಗ ಮಾಯವಾದಾವು, ಈಗ ಮಾಯವಾದಾವು ಎಂದು ಕಾದ. ಮಾಯವಾಗಲಿಲ್ಲ.

"ಸೂರ್ಯನದೇ, ತಾಯೀ" ಎಂದ. ಸೊಂಟದಲ್ಲಿದ್ದ ಬೀಗದ ಕೈ ಬಿಚ್ಚಿ ಅವಳಿಗೆ ಕೊಟ್ಟ. ಜನ ಬೆಟ್ಟದ ಕೆಳಗಿನಿಂದ ಸಾಲುಗಟ್ಟಿ ಹತ್ತಿ ಬಂದು ನೋಡಿದರು. ಕೊಡೆಯ ಮಾತು ಆಡಿದವರೇ ಎಲ್ಲರಿಗಿಂತ ಮುಂದಿದ್ದರು.

ಕತೆ ಮುಗಿಯಿತು. ಶಿಷ್ಯ ಕಟ್ಟಿದ ಕೈ ಬಿಡದೆ ಕೇಳಿದ: "ಕೂದಲು ನೆರೆಯುವವರೆಗೆ ಅವಳೂ ಕಾದಳಲ್ಲ, ಗುರುಗಳೇ?"

ಗುರುಗಳು ಹೇಳಿದರು: "ನಿನ್ನ ಅಂಗೈ ಎಲ್ಲಿದೆ, ನೋಡಿಕೋ."