ಏಳು ತಲೆಯ ಮೀನಿಗೊಂದು ಹೂಂ

"ಕೆರೆಯಲ್ಲಿ ಏಳು ತಲೆಯ ಮೀನಿದೆ, ಇಳಿದವರನ್ನು ನುಂಗುತ್ತದೆ" ಎಂದು ಕೊಕ್ಕರೆ ಸಾರಿದ್ದೇ ತಡ, ನೀರಿನತ್ತ ಯಾರೂ ಸುಳಿಯಲಿಲ್ಲ. ಅಳಿಲಿಗೆ ಗಂಟಲು ಒಣಗಿತ್ತು. ಅದಕ್ಕಿಂತ ಹೆಚ್ಚಾಗಿ ತಲೆಯೊಳಗೊಂದು ಹುಳ ಕೊರೆಯುತ್ತಿತ್ತು. ಅದು ಕಥೆ ಹೇಳುವ ಆಮೆಯಜ್ಜಿಯ ಬಳಿಗೆ ಓಡಿತು.

"ಅಜ್ಜಿ, ನೀನು ಹೇಳುವುದೂ ಇಲ್ಲದ್ದನ್ನೇ. ಅದನ್ನು ಕಥೆ ಅನ್ನುತ್ತೇವೆ. ಹಾಗಾದರೆ ಬುರುಡೆ ಅನ್ನುವುದು ಯಾವುದಕ್ಕೆ?"

"ನಾನು ಕಥೆ ಹೇಳುವಾಗ ನೀನೇನು ಮಾಡುತ್ತೀಯ?"

"ಹೂಂಗುಟ್ಟುತ್ತೇನೆ. ನೀನು ನಿಲ್ಲಿಸಿದರೆ 'ಆಮೇಲೆ?' ಅನ್ನುತ್ತೇನೆ."

"ಎಲ್ಲ ಕಡೆಯೂ ಹಾಗೆಯೇ ಮಾಡಿ ನೋಡು."

ದಾರಿಯಲ್ಲಿ ಕಪ್ಪೆ ಆ ಮೀನಿನ ಸುದ್ದಿಯನ್ನೇ ವಟಗುಟ್ಟುತ್ತಿತ್ತು. "ಹೂಂ, ಆಮೇಲೆ?" ಎಂದಿತು ಅಳಿಲು.

"ನನಗೇನು ಗೊತ್ತು? ಎಲ್ಲರೂ ಹೇಳಿದರು, ನಾನೂ ಹೇಳಿದೆ."

ಇದು ಗಾಳಿಮಾತು ಎಂದುಕೊಂಡು ಅಳಿಲು ದಡಕ್ಕೆ ಬಂತು. ಕೊಕ್ಕರೆ ನೀರಿನಲ್ಲಿ ನಿಂತು ಒಂಟಿಯಾಗಿ ಮೀನು ಹಿಡಿಯುತ್ತಿತ್ತು.

"ಕೊಕ್ಕರೆಯಣ್ಣ, ಮೀನಿಗೆ ಏಳು ತಲೆ. ಹೂಂ. ಆಮೇಲೆ? ನಿನ್ನನ್ನೇಕೆ ನುಂಗಲಿಲ್ಲ?"

"ಆಮೇಲೆ ಗೀಮೇಲೆ ಏನೂ ಇಲ್ಲ! ಹೇಳಿದ್ದನ್ನು ನಂಬಿ ಸುಮ್ಮನೆ ಹೋಗು!"

ಅಳಿಲು ಹೋಗಲಿಲ್ಲ. ನೀರಿಗೆ ಬಾಯಿಟ್ಟು ಹೊಟ್ಟೆ ತುಂಬ ಕುಡಿಯಿತು. ಅದನ್ನು ಕಂಡು ಉಳಿದವರೂ ಇಳಿದರು.

ಸಂಜೆ ಆಮೆಯಜ್ಜಿ ಆ ದಡದಲ್ಲೇ ಕಥೆಗೆ ಕೂತಳು. "ಒಂದು ಕೆರೆ. ಅದರಲ್ಲಿ ಏಳು ತಲೆಯ ಮೀನು. ಒಂದು ತಲೆಗೆ ನಿದ್ದೆ ಬಂದರೆ, ಉಳಿದ ತಲೆಗಳಿಗೆ ಜೋಗುಳ ಹಾಡುವ ಕೆಲಸ." ಎಲ್ಲರೂ ಹೂಂಗುಟ್ಟಿದರು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

"ಆಮೇಲೆ?" ಎಂದು ಎಲ್ಲರಿಗಿಂತ ಮೊದಲು ಕೂಗಿದ್ದು ಕೊಕ್ಕರೆ.